ಮೈಸೆನ್ ಗೊಂಬೆಯೋ, ಯಾದ್ರೊ ಗೊಂಬೆಯೋ?

ಪ್ರವಾಸದ ನೆನಪಿಗೆ ಒಂದೇ ಒಂದು ಪಿಂಗಾಣಿ ಗೊಂಬೆ ತರಬೇಕು. ಯಾವುದು ತರೋದು?

ಜರ್ಮನಿಯ ಮೈಸೆನ್ ತುಂಬಾ ಹಳೆಯದು. ಡ್ರೆಸ್ಡೆನ್ ಹತ್ತಿರ 1710ರಲ್ಲಿ ಶುರುವಾಯಿತು. ಯುರೋಪಿನಲ್ಲಿ ಗಟ್ಟಿ ಪಿಂಗಾಣಿ ಮಾಡಿದ ಮೊದಲ ಕಾರ್ಖಾನೆ ಅದೇ. ಶಿಲ್ಪಿ ಕ್ಯಾಂಡ್ಲರ್ ರೂಪಿಸಿದ ಮಂಗಗಳ ವಾದ್ಯಗೋಷ್ಠಿಯನ್ನು ಹತ್ತಿರದಿಂದ ನೋಡಬೇಕು. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಮಂಗ, ಕೈಯಲ್ಲೊಂದು ವಾದ್ಯ, ಬಟ್ಟೆ ತುಂಬ ಕೈಯಲ್ಲೇ ಬಿಡಿಸಿದ ಬಣ್ಣ. ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಕೊಳ್ಳುವ ಮುಂಚೆ ತಿರುಗಿಸಿ ತಳ ನೋಡಿ. ಕಾರ್ಖಾನೆಯ ಗುರುತಾದ, ಒಂದರ ಮೇಲೊಂದು ಅಡ್ಡಲಾಗಿರುವ ನೀಲಿ ಬಣ್ಣದ ಜೋಡಿ ಕತ್ತಿ ಇರಬೇಕು. ಅದರ ಮೇಲೆ ಅಡ್ಡ ಗೀರು ಎಳೆದಿದ್ದರೆ ಕಾರ್ಖಾನೆಯೇ ಅದನ್ನು ಕೆಳದರ್ಜೆಗೆ ಇಳಿಸಿದೆ ಎಂದರ್ಥ. ಈ ಗುರುತಿನ ನಕಲುಗಳೂ ಇವೆ, ಹುಷಾರು.

ಸ್ಪೇನಿನ ಯಾದ್ರೊ ಹೊಸ ಕಾಲದ್ದು. ವಲೆನ್ಸಿಯಾ ಬಳಿ ಮೂವರು ಅಣ್ಣತಮ್ಮಂದಿರು 1953ರಲ್ಲಿ ಶುರುಮಾಡಿದರು. ತೆಳು ನೀಲಿ, ಬೂದು, ಬಿಳಿ. ನೀಳ ಕತ್ತು, ಶಾಂತ ಮುಖ. ಬೆರಳು, ಹೂವಿನ ಎಸಳು ಮಾತ್ರ ಬಲು ನಾಜೂಕು, ಒರೆಸುವಾಗಲೇ ಮುರಿದುಬಿಡಬಹುದು.

ನನ್ನ ಮನಸ್ಸು ಯಾದ್ರೊ ಕಡೆಗೇ. ಮೈಸೆನ್ ಗೊಂಬೆ ಕಂಡಾಗ ಮೊದಲು ನೆನಪಾಗೋದು ಅದರ ಚರಿತ್ರೆ. ಯಾದ್ರೊ ಹುಡುಗಿಯ ಮುಖ ಕಂಡರೆ ಆ ಊರಿನ ಸಂಜೆ ಬೆಳಕೇ ಕಣ್ಮುಂದೆ ಬರುತ್ತೆ. ಹಳೆಯ ಕೈಕೆಲಸದ ಹುಚ್ಚಿದ್ದರೆ ಮಾತ್ರ ಜಾಸ್ತಿ ದುಡ್ಡು ಕೂಡಿಸಿ ಮೈಸೆನ್ ತನ್ನಿ.

ಯಾವುದೇ ಇರಲಿ, ಕೈಚೀಲದಲ್ಲೇ ಇಟ್ಟುಕೊಂಡು ಬನ್ನಿ.