ಮನೆಯಲ್ಲೇ ಫೈಬರ್ ಬಾಡಿ ಕಾರು ಕಟ್ಟುವವರೇ, ಮಳೆಗಾಲದಲ್ಲಿ ರೆಸಿನ್ ಡಬ್ಬ ತೆರೆಯಬೇಡಿ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ) ಶೆಡ್ಡಿನಲ್ಲಿ ಲಾನ್ಸಿಯಾ ಸ್ಟ್ರಾಟೋಸ್ ಝೀರೋ ಕಾರಿನ ಅರೆಬರೆ ನಕಲೊಂದು ಟಾರ್ಪಾಲಿನಡಿ ಬಿದ್ದಿದೆ. ಅದಕ್ಕೆ ಒಂದು ಮಾರುತಿ 800 ಬಲಿಯಾಗಿದೆ. ಬಾಡಿಯ ಮೇಲೆಲ್ಲ ಮೊಸಳೆ ಚರ್ಮದಂಥ ಸುಕ್ಕು. ಕಟ್ಟಿದವರಿಗೆ ವೆಲ್ಡಿಂಗ್ ಗೊತ್ತಿತ್ತು, ಇಂಜಿನ್ ಕೆಲಸವೂ ಗೊತ್ತಿತ್ತು. ಕೆಟ್ಟದ್ದು ಕೆಲಸದ ಕ್ರಮ, ಮತ್ತೆ ಆರಿಸಿಕೊಂಡ ತಿಂಗಳು. ಹಾಸನ, ಚಿಕ್ಕಮಗಳೂರು ಕಡೆ ಇದೇ ಹುಚ್ಚು ಇರುವವರು ದುಡ್ಡು ಸುರಿಯುವ ಮುಂಚೆ ಇದನ್ನು ಓದಿ.

ಮೂಲ ಕಾರು 1970ರ ಟ್ಯುರಿನ್ ಮೋಟಾರ್ ಷೋದಲ್ಲಿ ಬೆರ್ಟೋನೆ ಕಂಪನಿ ತೋರಿಸಿದ್ದು, ವಿನ್ಯಾಸ ಮಾರ್ಚೆಲ್ಲೊ ಗಾಂಡಿನಿಯದು. ಉದ್ದ 358 ಸೆಂ.ಮೀ., ಎತ್ತರ ಬರೀ 84. ಪಕ್ಕದಲ್ಲಿ ಬಾಗಿಲೇ ಇಲ್ಲ, ಮುಂದಿನ ಗಾಜನ್ನು ಮೇಲೆತ್ತಿ ಒಳಗಿಳಿಯಬೇಕು. ಚಿತ್ರ ನೋಡಿದರೆ ರಟ್ಟು ಮಡಚಿ ಮಾಡಿದ ಹಾಗಿದೆ, ಎಲ್ಲ ಚಪ್ಪಟೆ. ಮೋಸ ಹೋಗುವುದು ಅಲ್ಲೇ. ಫೈಬರ್ ಕೆಲಸದಲ್ಲಿ ಉಬ್ಬಿದ ಬಾನೆಟ್ ಸುಲಭ, ಚಪ್ಪಟೆ ಹಲಗೆಯೇ ಕಷ್ಟ. ಉಬ್ಬು ತನಗೆ ತಾನೇ ಗಟ್ಟಿ. ಚಪ್ಪಟೆ ಜಾಗ ಕೈಯಿಟ್ಟರೆ ಡಬಡಬ ಅನ್ನುತ್ತದೆ, ಒಂದು ಕೂದಲಿನಷ್ಟು ಅಲೆ ಇದ್ದರೂ ಪೇಂಟ್ ಹೊಡೆದ ಮೇಲೆ ಟ್ಯೂಬ್‌ಲೈಟಿನ ನೆರಳು ಹಾವಿನಂತೆ ಹರಿಯುತ್ತದೆ. ಕಣ್ಣಿಗೆ ಚಪ್ಪಟೆ ಕಾಣಬೇಕಾದ ಹಲಗೆಗೂ ಮೀಟರಿಗೆ 4-5 ಮಿ.ಮೀ. ಉಬ್ಬು ಕೊಡಲೇಬೇಕು. ಈ ಕಾರಿನಲ್ಲಿ ಕೊಟ್ಟಿರಲಿಲ್ಲ. ಆಮೇಲೆ ಗಟ್ಟಿ ಮಾಡಲೆಂದು ಒಳಗಡೆ ಕಬ್ಬಿಣದ ಪಟ್ಟಿ ಅಂಟಿಸಿದರು, ಏಪ್ರಿಲ್ ಬಿಸಿಲಿಗೆ ಆ ಪಟ್ಟಿಗಳ ಗೆರೆ ಒಂದೊಂದೂ ಹೊರಗೆ ಮೂಡಿತು. ಪಟ್ಟಿ ಬೇಕೇಬೇಕಿದ್ದರೆ ನಡುವೆ ಮೆತ್ತನೆ ಫೋಮಿನ ತುಂಡಿಟ್ಟು, ಅದರ ಮೇಲೆ ಮ್ಯಾಟ್ (ಗಾಜಿನ ನಾರಿನ ಹಾಸು) ಹೊದಿಸಿ.

ಅಳತೆ ತೆಗೆದದ್ದು 1:18 ಆಟಿಕೆ ಮಾದರಿಯಿಂದ. ಅದರಲ್ಲಿ ಇಡೀ ಕಾರಿನ ಎತ್ತರ 4.7 ಸೆಂ.ಮೀ. ವರ್ನಿಯರ್ ಅರ್ಧ ಮಿ.ಮೀ. ತಪ್ಪಿದರೆ ಶೆಡ್ಡಿನಲ್ಲಿ 9 ಮಿ.ಮೀ. ತಪ್ಪುತ್ತದೆ. ಎಡಬಲ ಬೇರೆಬೇರೆ ಅಳೆಯಬೇಡಿ. ಒಂದು ಪಕ್ಕ ಅಳೆದು ಇನ್ನೊಂದಕ್ಕೆ ಅದನ್ನೇ ಮಗುಚಿ ಹಾಕಿ. ಫೈಬರ್ ಅಚ್ಚು ತೆಗೆಯಲು ಮೊದಲು ಕಟ್ಟುವ ಕಾರಿನಾಕಾರದ ಮೂಲರೂಪದ ಅಡ್ಡಹಲಗೆಗೆ ತೋಟದಲ್ಲೇ ಕಡಿದ ಸಿಲ್ವರ್ ಓಕ್ ಹಾಕಿದ್ದರು. ಹಸಿ ಸಿಲ್ವರ್ ಓಕ್ ಒಣಗುತ್ತಾ ತಿರುಚಿಕೊಳ್ಳುತ್ತದೆ ಅಂತ ನಮ್ಮೂರ ಯಾವ ಬಡಗಿಯನ್ನು ಕೇಳಿದರೂ ಹೇಳುತ್ತಿದ್ದ. 12 ಮಿ.ಮೀ. ಪ್ಲೈವುಡ್ ಸಾಕು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಮಲೆನಾಡಿನ ಥಂಡಿಗೆ ಅಂಚು ಊದುತ್ತದೆ. ಹಲಗೆಗಳ ನಡುವೆ ತುಂಬಲು ಥರ್ಮೋಕೋಲ್ ಬಳಸಿದರೆ ಮ್ಯಾಟಿಗೆ ಹಚ್ಚುವ ಅಂಟುದ್ರವವಾದ ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅದನ್ನು ಬೆಲ್ಲದಂತೆ ಕರಗಿಸುತ್ತದೆ. ಪಿಯು (ಪಾಲಿಯುರೆಥೇನ್) ಫೋಮ್ ಹಾಕಿ.

ಈಗ ಮಳೆಯ ವಿಷಯ, ಇದನ್ನು ವಿವರವಾಗಿಯೇ ಹೇಳಬೇಕು. ಜುಲೈನಲ್ಲಿ ತೋಟದ ಕೆಲಸ ಕಡಿಮೆ, ಶೆಡ್ ಖಾಲಿ, ಹಾಗಾಗಿ ಆಗಲೇ ಶುರು ಮಾಡಿದರು. ಅಚ್ಚಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪಸೆ ಕೂತಿತ್ತು. ಮ್ಯಾಟ್ ತಿಂಗಳುಗಟ್ಟಲೆ ಬಿಚ್ಚಿದ ಚೀಲದಲ್ಲಿದ್ದು ತೇವ ಹೀರಿತ್ತು. ಜೆಲ್‌ಕೋಟ್ (ಬಾಡಿಯ ಹೊರಮೈಯಾಗುವ ಮೊದಲ ಪದರ) ತೆಳುವಾಗಿ ಹೊಡೆದರು. ಥಂಡಿಗೆ ಅದು ಸರಿಯಾಗಿ ಗಟ್ಟಿಯಾಗುವ ಮುಂಚೆಯೇ ಮೇಲೆ ರೆಸಿನ್ ಬಿತ್ತು, ರೆಸಿನ್‌ನ ಸ್ಟೈರೀನ್ ಹಸಿ ಜೆಲ್‌ಕೋಟನ್ನು ಕಚ್ಚಿ ಸುಕ್ಕುಗಟ್ಟಿಸಿತು. ಮೊಸಳೆ ಚರ್ಮ ಬಂದದ್ದು ಹೀಗೆ. ಪುಟ್ಟಿ ಮೆತ್ತಿ ಮುಚ್ಚಲು ನೋಡಿದರೆ ಮತ್ತೆ ಬಿರುಕು ಬಿಡುತ್ತದೆ, ಆ ಪದರವನ್ನೇ ಉಜ್ಜಿ ತೆಗೆಯಬೇಕು.

ಸರಿಯಾದ ಕಾಲ ಫೆಬ್ರವರಿಯಿಂದ ಮೇ ಮೊದಲ ವಾರ. ಶೆಡ್ 20 ಡಿಗ್ರಿಗಿಂತ ಕೆಳಗಿಳಿಯಬಾರದು, ಇಬ್ಬನಿ ಆರುವ ತನಕ ಕೈ ಹಾಕಬಾರದು. ಜೆಲ್‌ಕೋಟ್ ಅರ್ಧ ಮಿ.ಮೀ. ದಪ್ಪ ಬರಲಿ, ಅಂದರೆ ಚದರ ಮೀಟರಿಗೆ ಸುಮಾರು 600 ಗ್ರಾಂ. ಬೆರಳು ಮುಟ್ಟಿಸಿದರೆ ಜಿಗುಟು ಅನ್ನಿಸಬೇಕು, ಆದರೆ ಬೆರಳಿಗೆ ಅಂಟಿ ಬರಬಾರದು. ಆಗ ಮ್ಯಾಟ್ ಹಾಕಿ. ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಕಿಲೋಗೆ 15 ಮಿ.ಲೀ. ಆಸುಪಾಸು, ಅಳೆಯಲು ಸಿರಿಂಜ್, ಬಾಟಲಿ ಮುಚ್ಚಳದ ಲೆಕ್ಕ ಬೇಡ. ಒಂದು ಸಲಕ್ಕೆ ಒಂದು ಕಿಲೋಗಿಂತ ಹೆಚ್ಚು ಕಲಸಬೇಡಿ. ಬಕೆಟ್ಟಿನಲ್ಲಿ ಐದು ಕಿಲೋ ಕಲಸಿಟ್ಟರೆ ತನ್ನ ಕಾವಿಗೆ ತಾನೇ ಕುದಿದು ಹೊಗೆಯೇಳುತ್ತದೆ. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಕೊಟ್ಟರೆ ಮೊದಲು ಅದನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಚಳಿಗೆ ಅಂತ ಆ ಶೆಡ್ಡಿನಲ್ಲಿ ಕೆಂಡದ ಬಾಣಲೆ ಇಟ್ಟಿದ್ದರಂತೆ. ಸ್ಟೈರೀನ್ ಆವಿ, ಪಕ್ಕದಲ್ಲಿ ಅಸಿಟೋನ್ ಕ್ಯಾನ್, ನಡುವೆ ಕೆಂಡ! ಜೀವ ಉಳಿದದ್ದೇ ದೊಡ್ಡದು. ಮಾಸ್ಕ್ ಕೂಡ ಸಾದಾ ಎನ್95 ಸಾಲದು, ಆವಿ ತಡೆಯುವ ಕಾರ್ಟ್ರಿಜ್ ಇರುವುದೇ ಬೇಕು.

ಸಾಮಾನಿನ ಲೆಕ್ಕವೂ ತಪ್ಪಿತ್ತು. ಬಾಡಿ 14 ಚದರ ಮೀಟರ್ ಅಂತಿಟ್ಟುಕೊಳ್ಳಿ. 450 ಗ್ರಾಂ ಮ್ಯಾಟ್ ಮೂರು ಪದರ ಅಂದರೆ 19 ಕಿಲೋ ಮ್ಯಾಟ್, ಅದರ ಎರಡೂವರೆ ಪಟ್ಟು, ಅಂದರೆ 47 ಕಿಲೋ ರೆಸಿನ್. ಬಾಡಿ ತೆಗೆಯುವ ಫೈಬರ್ ಅಚ್ಚಿಗೆ ಕನಿಷ್ಠ ಆರು ಪದರ, ಅದಕ್ಕೆ ಇದರ ಎರಡರಷ್ಟು. ಅಚ್ಚಿನ ಖರ್ಚನ್ನು ಲೆಕ್ಕಕ್ಕೇ ಹಿಡಿಯದೆ ಹೊರಟು, ನಡುವೆ ರೆಸಿನ್ ಮುಗಿದು, ಉಳಿದ ಭಾಗವನ್ನು ಹೊರಗಿನ ಫೈಬರ್ ಕೆಲಸದವನೊಬ್ಬನಿಗೆ ಒಪ್ಪಿಸಿ ಪೂರ್ತಿ ಅಡ್ವಾನ್ಸ್ ಕೊಟ್ಟರು. ಬಂದ ತುಂಡಿಗೆ ಲೈಟಿನ ತೂತು ಕೊರೆದಾಗ ದಪ್ಪ ಒಂದು ಕಡೆ 2 ಮಿ.ಮೀ., ಇನ್ನೊಂದು ಕಡೆ 7. ಯಾರಿಗಾದರೂ ಕೆಲಸ ಕೊಟ್ಟರೆ ತುಂಡು ಕೈಗೆ ಬಂದ ಮೇಲೆ ರೂಪಾಯಿ ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಗಾಳಿ. ಆಮೇಲೆ ಕೊನೆ ಕಂತು.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಬಾಡಿಯನ್ನು ಮೊದಲು ಮಾಡಿದ್ದು. ಮೊದಲು ಎರಡು ಸ್ಟೂಲಿನ ಮೇಲೆ 84 ಸೆಂ.ಮೀ. ಎತ್ತರಕ್ಕೆ ಹಲಗೆ ಇಟ್ಟು, ನೆಲದಿಂದ 16 ಸೆಂ.ಮೀ. ಮೇಲೆ ಇನ್ನೊಂದು ಹಲಗೆ ಹಾಕಿ, ಅದರ ಮೇಲೆ ಮಲಗಿ ರಸ್ತೆ ಕಾಣುತ್ತದೆಯೇ ನೋಡಿ. ಖರ್ಚಿಲ್ಲದ ಪರೀಕ್ಷೆ. ಇದನ್ನು ಮಾಡದ ಕಾರಣ ಕೊನೆಗೆ ಛಾವಣಿ ಕತ್ತರಿಸಿ 15 ಸೆಂ.ಮೀ. ಎತ್ತರಿಸಿದರು, ಝೀರೋದ ಅಂದ ಅಲ್ಲಿಗೇ ಮುಗಿಯಿತು.

ಇಂಜಿನ್ ಹಿಂದಿರಬೇಕಲ್ಲ, ಹಾಗಾಗಿ 800ರ ಮುಂದಿನ ಇಂಜಿನ್, ಗೇರ್‌ಬಾಕ್ಸ್, ಚಕ್ರ ಸಮೇತ ಹಿಂದಕ್ಕೆ ಸಾಗಿಸುವುದು ರೂಢಿ. ಆಗ ಮೂರು ಎಡವಟ್ಟು. ಹಿಂದಕ್ಕೆ ಹೋದ ಸ್ಟಿಯರಿಂಗ್ ಟೈ ರಾಡನ್ನು (ಚಕ್ರ ತಿರುಗಿಸುವ ಸರಳನ್ನು) ಚಾಸಿಗೆ ಬಿಗಿಯಬೇಕು, ಅದೂ ಚಕ್ರ ಹಿಡಿದಿರುವ ಕೆಳಗಿನ ಆರ್ಮಿನ ಎತ್ತರಕ್ಕೂ ಉದ್ದಕ್ಕೂ ಹೊಂದುವಂತೆ. ಇಲ್ಲವಾದರೆ ಗುಂಡಿಗೆ ಬಿದ್ದಾಗಲೆಲ್ಲ ಹಿಂದಿನ ಚಕ್ರವೇ ಸ್ಟಿಯರಿಂಗ್ ತಿರುಗಿಸಿದಂತೆ ಅತ್ತಿತ್ತ ಎಳೆಯುತ್ತದೆ. ಎರಡನೆಯದು ಬ್ರೇಕ್: ಡಿಸ್ಕ್ ಹಿಂದಾಯಿತು, ಡ್ರಮ್ ಮುಂದಾಯಿತು. ಜೋರಾಗಿ ಒತ್ತಿದರೆ ಹಿಂಚಕ್ರ ಮೊದಲು ಕಚ್ಚಿ ಕಾರು ಬುಗುರಿ. ಮುಂದಕ್ಕೂ ಡಿಸ್ಕ್ ಹಾಕಿ, ಹಿಂದಿನ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಕೂರಿಸಬೇಕು. ಮೂರನೆಯದು ಶೆಡ್ಡಿನಲ್ಲಿ ಈಗಲೂ ಕಾಣುತ್ತದೆ: ಮುಂದಕ್ಕೆ ಹಾಕಿದ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬದ) ತಲೆ ಬಾಡಿಯ ಚೂಪು ಮೂತಿಯನ್ನು ಸೀಳಿಕೊಂಡು ಹೊರಗಿದೆ. ಇಷ್ಟು ತಗ್ಗಿನ ಮೂತಿಗೆ ಉದ್ದ ಸ್ಟ್ರಟ್ ಹಿಡಿಯುವುದೇ ಇಲ್ಲ, ಮೇಲೊಂದು ಕೆಳಗೊಂದು ವಿಶ್‌ಬೋನ್ (ಚಕ್ರ ಹಿಡಿಯುವ ಕವಲು ತೋಳು) ಮಾಡಿಸಬೇಕು. ಚಾಸಿ ಮೊದಲು ನಿಂತಿದ್ದರೆ ಇದು ಮೊದಲ ವಾರವೇ ಗೊತ್ತಾಗುತ್ತಿತ್ತು.

ಚಾಸಿಗೆ 40×40×2 ಮಿ.ಮೀ. ಬಾಕ್ಸ್ ಪೈಪ್ ಸುಮಾರು 35 ಮೀಟರ್, 80 ಕಿಲೋ ದಾಟುತ್ತದೆ. ಎಲ್ಲ ಕಡೆ ಬರೀ ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ವ್ಯತ್ಯಾಸ 2 ಮಿ.ಮೀ. ಒಳಗೆ ಬಂದ ಮೇಲೆ ಎದುರುಬದುರು ಪೂರ್ತಿ ವೆಲ್ಡ್ ಮಾಡಿ. ಕಾಫಿ ಕಣದ ಮೇಲೆ ಮಾತ್ರ ಜೋಡಿಸಬೇಡಿ. ಕಣ ಸಮತಟ್ಟು ಅನ್ನಿಸುತ್ತದೆ, ಆದರೆ ನೀರು ಹರಿಯಲೆಂದು ಇಳಿಜಾರು ಕೊಟ್ಟೇ ಕಟ್ಟಿರುತ್ತಾರೆ.

ಗಾಜಿಗೆ ಅಕ್ರಿಲಿಕ್ ಹಾಳೆ ಹಾಕಿ ಫೈಬರಿಗೆ ಬಿಗಿಯಾಗಿ ಸ್ಕ್ರೂ ಹೊಡೆದಿದ್ದರು. ಒಂದು ಮೀಟರ್ ಅಕ್ರಿಲಿಕ್ 30 ಡಿಗ್ರಿ ಕಾವೇರಿದರೆ 2 ಮಿ.ಮೀ. ಹಿಗ್ಗುತ್ತದೆ. ಪ್ರತಿ ಸ್ಕ್ರೂವಿನಿಂದಲೂ ಬಿರುಕು.

ಕಾಗದಪತ್ರದ ಮಾತು ಚುಟುಕು. 800ರ ಆರ್‌ಸಿ ಇದೆ, ಕೆಎ-18 ನಂಬರ್ ಪ್ಲೇಟ್ ಹಾಕಿ ಓಡಿಸಬಹುದು ಅನ್ನುವುದು ಸುಳ್ಳು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಹಳೇ ಚಾಸಿ ನಂಬರಿನ ತಗಡು ಕತ್ತರಿಸಿ ಹೊಸದಕ್ಕೆ ಬೆಸೆಯಿರಿ ಅಂತ ಗ್ಯಾರೇಜಿನವರು ಯಾರಾದರೂ ಐಡಿಯಾ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ತೋಟದೊಳಗೆ ಸುತ್ತಿಸಿ, ಪ್ರದರ್ಶನಕ್ಕೆ ಲಾರಿಯ ಮೇಲೆ ಒಯ್ಯಿರಿ.

ತೋಟದೊಳಗೇ ಓಡಿಸಿದರೂ ಒಂದು ನೆನಪಿರಲಿ: ಗಾಜೇ ಬಾಗಿಲು. ಕಾರು ಮಗುಚಿ ಅದು ನೆಲಕ್ಕೆ ಒತ್ತಿದರೆ ಒಳಗಿದ್ದವರಿಗೆ ದಾರಿಯಿಲ್ಲ. ಬೆನ್ನ ಹಿಂದೆಯೇ ಬಿಸಿ ಇಂಜಿನ್, ಪೆಟ್ರೋಲ್ ಪೈಪ್, ಸುತ್ತ ಹೊತ್ತಿಕೊಳ್ಳುವ ರೆಸಿನ್. ಪಕ್ಕದ ಹಲಗೆಯಲ್ಲಿ ಒಳಗಿನಿಂದ ಒದ್ದರೆ ಬಿಚ್ಚಿಕೊಳ್ಳುವ, ಭುಜ ತೂರುವಷ್ಟು ಅಗಲದ ಕಿಂಡಿ ಬಿಡಿ. ಮೂಲದಲ್ಲಿ ಅದಿಲ್ಲ ಅಂತ ಯಾರಾದರೂ ತಪ್ಪು ಹುಡುಕಿದರೆ ಹುಡುಕಲಿ.