ಸ್ಟೀರಾಯ್ಡ್ ಇನ್ಹೇಲರ್, ಬಾಯಿ ಫಂಗಸ್, ಸ್ಪೇಸರ್: ಬಹಳ ಕಾಲ ಬಳಸಿದ ಮೇಲೆ ನನ್ನ ಅನಿಸಿಕೆ

ಮೊದಲು ತೀರ್ಪು, ಆಮೇಲೆ ವಿವರ. ಅಸ್ತಮಾಗೆ ಸ್ಟೀರಾಯ್ಡ್ ಇನ್ಹೇಲರ್ ತಗೊಳ್ಳುತ್ತಿದ್ದೀರಿ, ಬಾಯಲ್ಲಿ ಬಿಳಿ ಫಂಗಸ್ ಪದೇ ಪದೇ ಬರುತ್ತಿದೆ ಅಂದರೆ, ಇನ್ನೊಂದು ಬಾಟಲಿ ಫಂಗಸ್ ಔಷಧಿ ತರುವ ಮುಂಚೆ ಸ್ಪೇಸರ್ (ಇನ್ಹೇಲರ್‌ಗೂ ಬಾಯಿಗೂ ನಡುವೆ ಇಡುವ ಕೊಳವೆ) ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ವಾಲ್ವ್ ಇರುವ ಪ್ಲಾಸ್ಟಿಕ್ ಸ್ಪೇಸರನ್ನು ನಾನು ವರ್ಷಗಳಿಂದ ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ಬಳಸುತ್ತಿದ್ದೇನೆ. ಐದರಲ್ಲಿ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಳೆದದ್ದಕ್ಕೆ ಕಾರಣ ಇದೆ, ಮುಂದೆ ಬರುತ್ತದೆ.

ಈ ಕಾಟ ಅನುಭವಿಸಿದವರಿಗೆ ಹೆಚ್ಚು ಹೇಳಬೇಕಿಲ್ಲ. ಬೆಳಿಗ್ಗೆ ಎದ್ದರೆ ಬಾಯಿ ಅಂಟಂಟು. ಏನು ತಿಂದರೂ ರುಚಿ ಗೊತ್ತಾಗುವುದಿಲ್ಲ, ಖಾರ ತಾಗಿದರೆ ಉರಿ. ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಕೆನ್ನೆಯ ಒಳಗಡೆ, ಅಂಗುಳಿನ ಹಿಂಭಾಗ, ಕಿರುನಾಲಿಗೆಯ ಆಚೀಚೆ ಒಡೆದ ಹಾಲಿನ ಚೂರುಗಳ ಹಾಗೆ ಬಿಳಿ ಮಚ್ಚೆಗಳು. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಪದರ ಎದ್ದು ಬರುತ್ತದೆ. ಅಡಿಯಲ್ಲಿ ಕೆಂಪಗೆ ಇರುತ್ತದೆ, ಕೆಲವು ಸಲ ರಕ್ತವೂ ಜಿನುಗುತ್ತದೆ. ಎಲ್ಲರಿಗೂ ಬಿಳಿ ಪದರವೇ ಬರಬೇಕು ಅಂತೇನಿಲ್ಲ. ಕೆಲವರಿಗೆ ಬರೀ ಕೆಂಪಗಾಗಿ ಉರಿಯುತ್ತದೆ, ತುಟಿಯ ಮೂಲೆ ಒಡೆಯುತ್ತದೆ. ಅದನ್ನು ಸುಮ್ನೆ ಬಾಯಿ ಹುಣ್ಣು ಅಂದುಕೊಂಡು ವಿಟಮಿನ್ ಮಾತ್ರೆ ನುಂಗುತ್ತಾ ಕೂರುವವರೇ ಜಾಸ್ತಿ.

ಇದರ ಹೆಸರು ಓರಲ್ ಥ್ರಷ್. ಮಾಡುವುದು ಕ್ಯಾಂಡಿಡಾ ಅನ್ನುವ ಫಂಗಸ್. ಅದು ಹೊರಗಿನಿಂದ ಹೊಸದಾಗಿ ಬಂದು ಸೇರುವುದಲ್ಲ. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲಿ ಅದು ಮೊದಲಿಂದಲೂ ಇರುತ್ತದೆ, ಮೈಯ ರಕ್ಷಣೆ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೋಮೆಥಾಸೋನ್ ಇಂಥ ಸ್ಟೀರಾಯ್ಡ್‌ಗಳ ಕೆಲಸವೇ ಉರಿಯೂತ ತಗ್ಗಿಸುವುದು. ಶ್ವಾಸನಾಳದಲ್ಲಿ ನಮಗೆ ಬೇಕಾಗಿರುವುದೂ ಅದೇ. ಆದರೆ ಅದೇ ಔಷಧಿ ಬಾಯಿ, ಗಂಟಲಲ್ಲಿ ಬಿದ್ದರೆ ಅಲ್ಲಿನ ಕಾವಲು ಸಡಿಲವಾಗುತ್ತದೆ, ಫಂಗಸ್ ಬೆಳೆಯುತ್ತದೆ.

ಎಷ್ಟು ಬೀಳುತ್ತದೆ ಗೊತ್ತಾ? ಪಂಪ್ ಇನ್ಹೇಲರನ್ನು ನೇರವಾಗಿ ಬಾಯಿಗಿಟ್ಟು ಒತ್ತಿದರೆ ಶ್ವಾಸಕೋಶಕ್ಕೆ ಹೋಗುವುದು ಸಾಮಾನ್ಯವಾಗಿ 10ರಿಂದ 20 ಪರ್ಸೆಂಟ್ ಮಾತ್ರ. ಮಾದರಿ ಮೇಲೆ, ನೀವು ಉಸಿರೆಳೆಯುವ ರೀತಿ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಗಂಟಲಿನ ಹಿಂಗೋಡೆಗೆ ಹೊಡೆದು ಅಲ್ಲೇ ಕೂರುತ್ತದೆ. ಫಂಗಸ್ ಔಷಧಿ ಹಾಕಿ ಒಂದೆರಡು ವಾರದಲ್ಲಿ ಬಾಯಿ ಚೊಕ್ಕ ಮಾಡಿಕೊಂಡರೂ ದಿನಕ್ಕೆ ಎರಡು ಸಲ ಮತ್ತೆ ಅದೇ ಜಾಗಕ್ಕೆ ಸ್ಟೀರಾಯ್ಡ್ ಬೀಳುತ್ತಲೇ ಇರುತ್ತದಲ್ವಾ? ಹಾಗಾಗಿ ಅದು ತಿರುಗಿ ಬರುವುದರಲ್ಲಿ ಆಶ್ಚರ್ಯ ಏನಿಲ್ಲ.

ಸ್ಪೇಸರ್ ಮುಟ್ಟುವುದು ಈ ಬುಡವನ್ನೇ. ನೋಡಲು ಅಂಥ ದೊಡ್ಡ ಯಂತ್ರವೇನಲ್ಲ. ಒಂದು ಕಡೆ ಇನ್ಹೇಲರ್ ತೂರಿಸುವ ರಬ್ಬರ್ ತೂತು, ಇನ್ನೊಂದು ಕಡೆ ಬಾಯಿಗಿಡುವ ಮೌತ್‌ಪೀಸ್, ನಡುವೆ ಖಾಲಿ ಕೊಳವೆ, ಒಂದು ತೆಳ್ಳನೆ ವಾಲ್ವ್. ಪಫ್ ಒತ್ತಿದಾಗ ರಭಸವಾಗಿ ನುಗ್ಗುವ ಔಷಧಿ ಕೊಳವೆಯೊಳಗೆ ನಿಧಾನವಾಗುತ್ತದೆ. ದಪ್ಪ ಹನಿಗಳು ಗೋಡೆಗೆ ಅಂಟಿಕೊಳ್ಳುತ್ತವೆ. ನಿಮ್ಮ ಗಂಟಲಿಗೆ ಹೊಡೆಯಬೇಕಾಗಿದ್ದದ್ದು ಪ್ಲಾಸ್ಟಿಕ್‌ಗೆ ಹೊಡೆಯಿತು ಅಷ್ಟೆ. ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತಿರುತ್ತವೆ, ಅವನ್ನು ನೀವು ಒಳಗೆ ಎಳೆದುಕೊಳ್ಳುತ್ತೀರಿ. ಒತ್ತುವುದಕ್ಕೂ ಎಳೆಯುವುದಕ್ಕೂ ಕ್ಷಣಕ್ಕೆ ಕ್ಷಣ ತಾಳೆಯಾಗಬೇಕು ಅನ್ನುವ ಒತ್ತಡವೂ ತಪ್ಪುತ್ತದೆ. ಹಾಗಂತ ಒತ್ತಿಟ್ಟು ಫೋನ್ ನೋಡುತ್ತಾ ಕೂರಬೇಡಿ. ಕೆಲವು ಸೆಕೆಂಡ್ ತಡವಾದರೂ ಔಷಧಿ ಒಳಗೋಡೆಗೆ ಕೂತುಬಿಡುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಇನ್ಹೇಲರ್ ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಸೇರಿಸುತ್ತೇನೆ. ಪೂರ್ತಿ ಉಸಿರು ಬಿಟ್ಟು, ಮೌತ್‌ಪೀಸ್ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಪಫ್ ಒತ್ತುತ್ತೇನೆ. ನಿಧಾನವಾಗಿ ಆಳವಾಗಿ ಎಳೆದು ಸುಮಾರು 10 ಸೆಕೆಂಡ್ ಉಸಿರು ಹಿಡಿಯುತ್ತೇನೆ. ಕೆಮ್ಮು ಜಾಸ್ತಿ ಇದ್ದ ದಿನ ಅಷ್ಟು ಹಿಡಿಯಲು ಆಗುವುದಿಲ್ಲ. ಆಗ ಮೌತ್‌ಪೀಸ್ ತೆಗೆಯದೆ ಮಾಮೂಲಾಗಿ ನಾಲ್ಕೈದು ಸಲ ಉಸಿರಾಡುತ್ತೇನೆ, ಅದೂ ನಡೆಯುತ್ತದೆ. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎಲ್ಲಾ ಮೊದಲಿಂದ. ಎರಡೂ ಪಫ್ ಒಟ್ಟಿಗೆ ತುಂಬಿಸಿ ಒಂದೇ ಸಲ ಎಳೆದರೆ ಟೈಮ್ ಉಳಿಯುತ್ತದೆ ಅನಿಸಬಹುದು. ಆದರೆ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ, ಒಳಗೆ ಹೋಗುವ ಔಷಧಿ ಕಡಿಮೆಯಾಗುತ್ತದೆ. ನನ್ನ ಸ್ಪೇಸರ್ ಜೋರಾಗಿ ಎಳೆದರೆ ಸೀಟಿ ಹೊಡೆಯುತ್ತದೆ. ಮೊದಮೊದಲು ಆ ಶಬ್ದ ಬಂದರೆ ಸರಿಯಾಗಿ ಎಳೆಯುತ್ತಿದ್ದೇನೆ ಅಂದುಕೊಳ್ಳುವವರು ಇದ್ದಾರೆ. ಉಲ್ಟಾ. ಈ ಮಾದರಿಯಲ್ಲಿ ಸೀಟಿ ಅಂದರೆ "ಸ್ವಲ್ಪ ನಿಧಾನ" ಅಂತ.

ಈಗ ಯಾರೂ ಅಷ್ಟಾಗಿ ಹೇಳದ ವಿಷಯಕ್ಕೆ ಬರುತ್ತೇನೆ, ತೊಳೆಯುವುದು. ಪ್ಲಾಸ್ಟಿಕ್ ಅಂದರೆ ಸ್ಟ್ಯಾಟಿಕ್ ಕರೆಂಟ್. ಒಣ ಬಟ್ಟೆಯಲ್ಲಿ ಒಳಗೆಲ್ಲಾ ಉಜ್ಜಿ ಪಳಪಳ ಮಾಡಿದರೆ ಆ ಚಾರ್ಜ್ ಇನ್ನೂ ಏರುತ್ತದೆ. ಆಗ ದಪ್ಪ ಹನಿಗಳ ಜೊತೆ ಸಣ್ಣ ಹನಿಗಳನ್ನೂ ಗೋಡೆ ಎಳೆದುಕೊಳ್ಳುತ್ತದೆ. ಬಾಯಿಗೇನೋ ಒಳ್ಳೆಯದೇ, ಆದರೆ ಶ್ವಾಸಕೋಶಕ್ಕೆ ಔಷಧಿ ಸಾಲದೆ ಅಸ್ತಮಾ ಕೆದರುತ್ತದೆ. ಅದಕ್ಕೇ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಿಡಿಭಾಗ ಬಿಚ್ಚಿ ಅದರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಬೇಕು. ಎತ್ತಿ ನೀರು ಕೊಡವಿ, ನಿಲ್ಲಿಸಿ, ತಾನಾಗೇ ಒಣಗಲು ಬಿಡಬೇಕು. ಒಳಗೆ ಒರೆಸಬಾರದು. ನನ್ನದರ ಕೈಪಿಡಿ ಪ್ರಕಾರ ಒಳಗೆ ಮತ್ತೆ ಬರೀ ನೀರು ಹಾಯಿಸಬಾರದು, ಸೋಪಿನ ತೆಳು ಪದರ ಉಳಿದರೆ ಸ್ಟ್ಯಾಟಿಕ್ ಕಡಿಮೆ ಇರುತ್ತದೆ. ಬಾಯಿಗಿಡುವ ಭಾಗ ಮಾತ್ರ ಸೋಪು ಹೋಗುವ ಹಾಗೆ ಒರೆಸಿಕೊಳ್ಳಬೇಕು. ಕಂಪನಿಯಿಂದ ಕಂಪನಿಗೆ ಈ ಸೂಚನೆ ಬೇರೆ ಇರುತ್ತದೆ, ಡಬ್ಬಿಯೊಳಗಿನ ಚೀಟಿ ಎಸೆಯಬೇಡಿ. ಸ್ಟ್ಯಾಟಿಕ್ ಬಾರದ ಹಾಗೆ ಮಾಡಿದ ಸ್ಪೇಸರ್‌ಗಳೂ ಸಿಗುತ್ತವೆ. ತೊಳೆಯುವ ಗೋಜು ಬೇಡ ಅನ್ನುವವರು ಅದನ್ನು ತಗೊಂಡರೂ ಗೋಜು ತಪ್ಪುವುದಿಲ್ಲ, ಕೊಳೆ ಅದರಲ್ಲೂ ಕೂರುತ್ತದೆ.

ವಾಲ್ವ್ ಮೇಲೂ ಕಣ್ಣಿರಲಿ. ಬೆಳಕಿಗೆ ಹಿಡಿದು ಉಸಿರಾಡಿದರೆ ಆ ತೆಳು ಹಾಳೆ ತೆರೆದು ಮುಚ್ಚುವುದು ಕಾಣಬೇಕು. ಅದು ಸುರುಟಿಕೊಂಡರೆ, ಗಟ್ಟಿಯಾದರೆ, ಸ್ಪೇಸರ್ ಬದಲಾಯಿಸುವ ಕಾಲ ಬಂತು ಅಂತ ಅರ್ಥ. ದಿನಾ ಬಳಸುವವರು 6ರಿಂದ 12 ತಿಂಗಳಿಗೆ ಹೊಸದು ತಗೊಳ್ಳಬೇಕು ಅನ್ನುವುದು ಸಾಮಾನ್ಯ ಸಲಹೆ.

ಸ್ಪೇಸರ್ ಬಂತು, ಇನ್ನು ಬಾಯಿ ಮುಕ್ಕಳಿಸಬೇಕಾಗಿಲ್ಲ ಅಂದುಕೊಂಡರೆ ಅರ್ಧ ಲಾಭ ಕೈಬಿಟ್ಟ ಹಾಗೆ. ಕೊನೆಯ ಪಫ್ ಆದ ತಕ್ಷಣ ಮುಕ್ಕಳಿಸಬೇಕು. ಬರೀ ಕೆನ್ನೆ ಉಬ್ಬಿಸಿ ಉಗಿದರೆ ಸಾಲದು, ತಲೆ ಹಿಂದಕ್ಕೆ ಚಾಚಿ ಗಂಟಲಲ್ಲೂ ಗುಳುಗುಳು ಅನ್ನಿಸಿ ಉಗಿಯಬೇಕು. ನುಂಗಬಾರದು. ನನಗೆ ಕೈಹಿಡಿದ ಉಪಾಯ ಅಂದರೆ ಇನ್ಹೇಲರನ್ನು ಹಲ್ಲುಜ್ಜುವ ಮೊದಲು ತಗೊಳ್ಳುವುದು. ಹೇಗೂ ಬ್ರಷ್ ಮಾಡಿ ಮುಕ್ಕಳಿಸುತ್ತೇವೆ, ಮರೆಯುವ ಪ್ರಶ್ನೆಯೇ ಬರುವುದಿಲ್ಲ. ಸ್ಪೇಸರ್ ಇರುವುದು ಬ್ರಷ್ ಪಕ್ಕದಲ್ಲೇ.

ನಮ್ಮ ಅತ್ತೆಯವರಿಗೂ ಅಸ್ತಮಾ ಇದೆ, ಅವರಿಗೂ ಇದೇ ಫಂಗಸ್ ಕಾಟ. ನನ್ನ ಬಾಯಿ ಸುಧಾರಿಸಿದ್ದು ನೋಡಿ ಒಂದು ದಿನ, "ನಿನ್ನ ಆ ಪೈಪ್ ಕೊಡಮ್ಮ, ನಾನೂ ಹಾಕಿ ನೋಡ್ತೀನಿ" ಅಂದರು. "ಅತ್ತೆ, ನಿಮ್ಮದು ಪುಡಿ ಇನ್ಹೇಲರ್, ಅದಕ್ಕೆ ಇದು ಆಗಲ್ಲ" ಅಂದೆ. ಪುಡಿ ಇನ್ಹೇಲರ್‌ನಲ್ಲಿ ಪುಡಿಯನ್ನು ಒಡೆದು ಹಾರಿಸುವುದೇ ನಾವು ಜೋರಾಗಿ ಎಳೆಯುವ ಉಸಿರು. ನಡುವೆ ಕೊಳವೆ ಇಟ್ಟರೆ ಆ ಕೆಲಸವೇ ನಡೆಯುವುದಿಲ್ಲ. ಪುಡಿ ಇನ್ಹೇಲರ್ ಬಳಸುವವರಿಗೆ ಮುಕ್ಕಳಿಸುವುದೇ ಮುಖ್ಯ. ಅಷ್ಟಕ್ಕೂ ನಿಲ್ಲದಿದ್ದರೆ ಪಂಪ್ ಮತ್ತು ಸ್ಪೇಸರ್‌ಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಬೇಕು. ಸಿಕ್ಲೆಸೊನೈಡ್ ಅನ್ನುವ ಸ್ಟೀರಾಯ್ಡ್ ಕೂಡ ಇದೆ. ಅದು ಬಹುಪಾಲು ಶ್ವಾಸಕೋಶ ಸೇರಿದ ಮೇಲೇ ಸಕ್ರಿಯವಾಗುವುದರಿಂದ ಬಾಯಿಗೆ ತೊಂದರೆ ಕಡಿಮೆ.

ಅತ್ತೆಯವರ ವಿಷಯದಲ್ಲಿ ಇನ್ನೊಂದು ಕೊಂಡಿ ಇತ್ತು, ಹಲ್ಲಿನ ಸೆಟ್. ರಾತ್ರಿಯೂ ಹಾಕಿಕೊಂಡೇ ಮಲಗುತ್ತಿದ್ದರು. ಸೆಟ್‌ನ ಅಡಿಯಲ್ಲಿ ಫಂಗಸ್ ಬೆಚ್ಚಗೆ ಮನೆ ಮಾಡಿಕೊಂಡಿರುತ್ತದೆ, ಬಾಯಿಗೆ ಎಷ್ಟು ಔಷಧಿ ಹಾಕಿದರೂ ಅಲ್ಲಿಂದ ಮತ್ತೆ ಹರಡುತ್ತದೆ. ರಾತ್ರಿ ತೆಗೆದು, ಉಜ್ಜಿ, ದಂತವೈದ್ಯರು ಹೇಳಿದ ದ್ರಾವಣದಲ್ಲಿ ನೆನೆಸಿಡಲು ಶುರು ಮಾಡಿದ ಮೇಲೆ ಅವರಿಗೂ ಎಷ್ಟೋ ವಾಸಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ, ಬಾಯಿ ಒಣಗುತ್ತಿದ್ದರೆ, ಸಿಗರೇಟ್ ಸೇದಿದರೆ, ಆಂಟಿಬಯೋಟಿಕ್ ಕೋರ್ಸ್ ಮುಗಿಸಿದ್ದರೆ ಕೂಡ ಇದು ಬೇಗ ಬರುತ್ತದೆ. ಹಾಗಾಗಿ ಎಲ್ಲವನ್ನೂ ಇನ್ಹೇಲರ್ ತಲೆಗೇ ಕಟ್ಟಬೇಡಿ.

ಫಂಗಸ್ ಔಷಧಿಗಳ ಬಗ್ಗೆಯೂ ಒಂದಿಷ್ಟು. ಬಂದಿರುವುದನ್ನು ಸ್ಪೇಸರ್ ವಾಸಿ ಮಾಡುವುದಿಲ್ಲ, ಮತ್ತೆ ಬರದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೆ. ಬಂದಾಗ ಔಷಧಿ ಬೇಕೇ ಬೇಕು. ನಿಸ್ಟಾಟಿನ್ ದ್ರವ ಹಳೆಯದು, ನಂಬಿಕೆಯದು. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಅನ್ನುವ ಇಬ್ಬರು ವಿಜ್ಞಾನಿಗಳು ಇದನ್ನು ಲೋಕಕ್ಕೆ ತಿಳಿಸಿದರು. ಇಬ್ಬರೂ ಇದ್ದದ್ದು ಬೇರೆ ಬೇರೆ ಊರಲ್ಲಿ, ಮಣ್ಣಿನಿಂದ ಬೆಳೆಸಿದ ಸೂಕ್ಷ್ಮಜೀವಿಗಳ ಮಾದರಿ ಪೋಸ್ಟಿನಲ್ಲಿ ಓಡಾಡುತ್ತಿತ್ತು! ಈ ಔಷಧಿ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಮಚ್ಚೆಗೆ ತಾಗಿದರೆ ಮಾತ್ರ ಕೆಲಸ. ಗುಟುಕಿಸಿ ಮುಗಿಸಿದರೆ ಪ್ರಯೋಜನವಿಲ್ಲ, ಬಾಯೆಲ್ಲಾ ಆಡಿಸಿ ಆದಷ್ಟು ಹೊತ್ತು ಇಟ್ಟುಕೊಳ್ಳಬೇಕು. ಸಾಮಾನ್ಯವಾಗಿ ದಿನಕ್ಕೆ 4 ಸಲ, ಮಚ್ಚೆ ಹೋದ ಮೇಲೂ ಎರಡು ದಿನ. ರುಚಿ ಅಷ್ಟಕ್ಕಷ್ಟೆ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಬಳಸುವವರು ಎರಡನ್ನೂ ಒಟ್ಟಿಗೆ ಹಾಕಬೇಡಿ, ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ನಡುವೆ ಕನಿಷ್ಠ ಅರ್ಧ ಗಂಟೆ ಇರಲಿ.

ಕ್ಲೋಟ್ರಿಮಜೋಲ್ ನನಗೆ ಹೆಚ್ಚು ಹಿಡಿಸಿತು, ಬಳಸಲು ಸುಲಭ. ಮೈಕೊನಜೋಲ್ ಜೆಲ್ ಕೂಡ ಒಳ್ಳೆಯದೇ. ಆದರೆ ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು ಅದನ್ನು ಮುಟ್ಟುವ ಮೊದಲು ಡಾಕ್ಟರ್‌ಗೆ ಹೇಳಲೇಬೇಕು. ಬರೀ ಬಾಯಿಗೆ ಹಚ್ಚುವ ಜೆಲ್ ಅಂತ ಹಗುರವಾಗಿ ನೋಡಬೇಡಿ, ರಕ್ತಸ್ರಾವದ ಅಪಾಯ ನಿಜಕ್ಕೂ ಇದೆ. ಫ್ಲುಕೊನಜೋಲ್ ಮಾತ್ರೆ ಇವಕ್ಕೆಲ್ಲಾ ಬಗ್ಗದಾಗ. ಅದೂ ಕೊಲೆಸ್ಟರಾಲ್ ಮಾತ್ರೆಗಳಲ್ಲಿ ಕೆಲವದರ ಜೊತೆ, ವಾರ್ಫರಿನ್ ಜೊತೆ ಕಿತಾಪತಿ ಮಾಡುತ್ತದೆ. ಕಳೆದ ಸಲದ ಚೀಟಿ ತೋರಿಸಿ ತಂದು ನುಂಗುವ ಮಾತ್ರೆಯಲ್ಲ ಅದು.

ಈಗ ಆ ಕಳೆದ ಸ್ಟಾರ್. ಮೊದಲನೇ ಕಾರಣ ನನ್ನ ದನಿ. ಫಂಗಸ್ ತುಂಬಾ ಕಡಿಮೆಯಾಯಿತು, ಆದರೆ ಗಂಟಲು ಕಟ್ಟುವುದು ಪೂರ್ತಿ ಹೋಗಲಿಲ್ಲ. ದನಿಪೆಟ್ಟಿಗೆ ಇರುವುದು ಶ್ವಾಸಕೋಶಕ್ಕೆ ಹೋಗುವ ದಾರಿಯಲ್ಲೇ, ಸಣ್ಣ ಹನಿಗಳು ಅದನ್ನು ದಾಟಿಯೇ ಹೋಗಬೇಕು. ಪಾಠ ಮಾಡುವವರು, ಹಾಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊಳ್ಳಿ. ಎರಡನೆಯದು ಗಾತ್ರ. ಇನ್ಹೇಲರ್ ಜೇಬಿಗೆ ಹಿಡಿಸುತ್ತದೆ, ಇದು ಹಿಡಿಸುವುದಿಲ್ಲ. ಪ್ರಯಾಣದಲ್ಲಿ ಬ್ಯಾಗಿನ ಅರ್ಧ ಪಕ್ಕೆ ಇದಕ್ಕೇ. ನಾಲ್ಕು ಜನರ ಮುಂದೆ ತೆಗೆದು ಬಾಯಿಗಿಡಲು ಸಂಕೋಚ ಪಡುವವರೂ ಇದ್ದಾರೆ. ನನಗೆ ಅದು ಬೇಗ ಹೋಯಿತು. ದಿನದ ಡೋಸ್ ಮನೆಯಲ್ಲೇ ಮುಗಿಯುವುದರಿಂದ ಅದು ದೊಡ್ಡ ತೊಂದರೆ ಅನಿಸಿಲ್ಲ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಬಾಯಿ ಉರಿಯುತ್ತದೆ ಅಂತ ಇನ್ಹೇಲರ್ ನಿಲ್ಲಿಸಬೇಡಿ. ಥ್ರಷ್ ಕಾಟ ಕೊಡುತ್ತದೆ, ಅಸ್ತಮಾ ಅಟ್ಯಾಕ್ ಜೀವ ತೆಗೆಯಬಲ್ಲದು. ಅಸ್ತಮಾ ಎರಡು ಮೂರು ತಿಂಗಳು ಪೂರ್ತಿ ಹತೋಟಿಯಲ್ಲಿದ್ದರೆ ಡೋಸ್ ಇಳಿಸಬಹುದಾ ಅಂತ ಡಾಕ್ಟರ್ ಹತ್ತಿರ ಕೇಳುವುದು ಸರಿಯಾದ ದಾರಿ. ಡೋಸ್ ಜಾಸ್ತಿ ಇದ್ದಷ್ಟೂ ಫಂಗಸ್ ಸಾಧ್ಯತೆಯೂ ಜಾಸ್ತಿ. ನುಂಗುವಾಗ ಎದೆಯ ಹಿಂದೆ ನೋವು ಬಂದರೆ ಫಂಗಸ್ ಅನ್ನನಾಳಕ್ಕೆ ಇಳಿದಿರಬಹುದು, ಕಾಯದೆ ಡಾಕ್ಟರ್‌ಗೆ ತೋರಿಸಿ. ಎರಡು ವಾರ ಔಷಧಿ ಹಾಕಿದರೂ ಹೋಗದಿದ್ದರೂ ಅಷ್ಟೇ, ತೋರಿಸಿ.

ಕೊಳ್ಳುವಾಗ ನಿಮ್ಮ ಇನ್ಹೇಲರನ್ನು ಜೊತೆಗೇ ಒಯ್ಯಿರಿ. ಹಿಂದಿನ ರಬ್ಬರ್‌ಗೆ ಅದು ಬಿಗಿಯಾಗಿ ಕೂರಬೇಕು, ಸಡಿಲ ಇದ್ದರೆ ಔಷಧಿ ಸೋರುತ್ತದೆ. ದೊಡ್ಡವರಿಗೆ ಮೌತ್‌ಪೀಸ್ ಸಾಕು. ಪುಟ್ಟ ಮಕ್ಕಳಿಗೆ ಮಾಸ್ಕ್ ಇರುವುದು ಬೇಕಾಗುತ್ತದೆ. ಅದನ್ನು ಬಳಸಿದ ಮೇಲೆ ಮಗುವಿಗೆ ಒಂದಿಷ್ಟು ನೀರು ಕುಡಿಸಿ, ಮುಖವನ್ನೂ ಒರೆಸಿ. ಮಾಸ್ಕ್ ಅಡಿಯಲ್ಲಿ ಕೆನ್ನೆಗೆ ಅಂಟಿದ್ದೂ ಸ್ಟೀರಾಯ್ಡೇ.