ಅಡಿಕೆ ಲೆಕ್ಕಕ್ಕೆ ಒದಗಿದ ಕ್ಯೂಬಿ64

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಡಿಕೆ ಮಾರಾಟದ ಲೆಕ್ಕಕ್ಕೆಂದು, ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಉಚಿತವಾಗಿ ದೊರೆಯುವ ಕ್ಯೂಬಿ64 ತಂತ್ರಾಂಶವನ್ನು ಈ ಮಳೆಗಾಲವಿಡೀ ಬಳಸಿದ್ದೇನೆ. ಕಿಲೋ ತೂಕವನ್ನು ಕ್ವಿಂಟಾಲ್ ದರದಿಂದ ಗುಣಿಸಿ 100ರಿಂದ ಭಾಗಿಸುವ ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಲೆಕ್ಕದ ತುಣುಕು) ಒಂದನ್ನು ಮುಖ್ಯ ಪ್ರೋಗ್ರಾಮಿನ ಕೆಳಗೆ ಬರೆದು, ಉತ್ತರವನ್ನು ಆ ಫಂಕ್ಷನ್ನಿನ ಹೆಸರಿಗೇ ತುಂಬಿ, 'ಎಂಡ್ ಫಂಕ್ಷನ್' ಎಂದು ಮುಗಿಸಿದರೆ ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆ ತರಗಳೆಲ್ಲಕ್ಕೂ ಅದೊಂದೇ ಸಾಕು. ಆದರೆ ಫಂಕ್ಷನ್ನಿಗೆ ಕೊಟ್ಟ ವೇರಿಯಬಲ್ಲನ್ನು (ಬೆಲೆಯನ್ನು ಹಿಡಿದಿಡುವ ಹೆಸರು) ಒಳಗೆ ಬದಲಿಸಿದರೆ ಹೊರಗಿನ ಮೂಲವೂ ಬದಲಾಗುತ್ತದೆ. ಇದನ್ನು ಗಮನಿಸದೆ ಗೋಣಿಚೀಲದ ತೂಕವನ್ನು ಎರಡೆರಡು ಬಾರಿ ಕಳೆದದ್ದು ನನ್ನದೇ ಅಜಾಗರೂಕತೆ (ಅಪ್ಪಯ್ಯ ಬಾಯಿಲೆಕ್ಕದಲ್ಲೇ ತಪ್ಪು ಹಿಡಿದರು). ಫಂಕ್ಷನ್ ಕರೆಯುವಾಗ ವೇರಿಯಬಲ್ಲಿಗೆ ಇನ್ನೊಂದು ಜೊತೆ ಆವರಣ ಚಿಹ್ನೆ ಹಾಕಿದರೆ ಅದರ ನಕಲು ಮಾತ್ರ ಒಳಗೆ ಹೋಗುತ್ತದೆ. ಹೆಸರಿನ ಕೊನೆಗೆ ಶೇಕಡಾ ಚಿಹ್ನೆ (%) ಇರುವ ಪೂರ್ಣಾಂಕ ವೇರಿಯಬಲ್ 32,767ಕ್ಕೆ ನಿಲ್ಲುವುದರಿಂದ ಅಡಿಕೆ ದರಕ್ಕೆ ದೊಡ್ಡ ಸಂಖ್ಯೆಯನ್ನೂ ದಶಮಾಂಶವನ್ನೂ ಹಿಡಿಯುವ ಡಬಲ್ ಬಗೆಯನ್ನು ಬಳಸುವುದೇ ಕ್ಷೇಮ. ಫಂಕ್ಷನ್ ಬರೆಯುವ ಹಳೆಯ ಬೇಸಿಕ್ ವಿಧಾನವಾದ 'ಡೆಫ್ ಎಫ್‌ಎನ್' ಮಾತ್ರ ಇಲ್ಲಿ ನಡೆಯದು.